ಏದುಸಿರಿಗೆ ರಕ್ತಹೀನತೆಯೊಂದೇ ಕಾರಣವಲ್ಲ

ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು ಎಂದಿದ್ದೀರಿ. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಊದಿದ್ದವೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯವೆನಿಸಿತು. ಅದು ರುಮ್ಯಾಟಿಕ್ ಜ್ವರವಾಗಿದ್ದಿರಬಹುದು. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲುನೋವಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ, ಕೆಲವು ಮಕ್ಕಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಹೃದಯದ ಕವಾಟಗಳ ಮೇಲೆ ತಿರುಗಿಬೀಳುತ್ತದೆ. ಕೀಲುನೋವು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ವರ್ಷಗಳು ಕಳೆದಂತೆ ಮೈಟ್ರಲ್ ಕವಾಟದ ಅಂಚುಗಳು ಬೆಸೆದುಕೊಂಡು, 4ರಿಂದ 6 ಚದರ ಸೆಂ.ಮೀ. ಇರಬೇಕಾದ ಅದರ ಬಾಯಿ ಕಿರಿದಾಗುತ್ತಾ ಹೋಗುತ್ತದೆ. 1.5ಕ್ಕೆ ಇಳಿದರೆ ತೀವ್ರ ಕಾಯಿಲೆ ಎನ್ನುತ್ತೇವೆ; ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ.

ರಕ್ತಹೀನತೆಯಿರಬಹುದೆಂದು ಕಬ್ಬಿಣಾಂಶದ ಮಾತ್ರೆ ನುಂಗುತ್ತಾ ಕಾಯಬೇಡಿ, ಈ ವಾರವೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ. ಕವಾಟ ಮೆದುವಾಗಿದ್ದು ಸೋರಿಕೆ ಹೆಚ್ಚಿಲ್ಲದಿದ್ದರೆ, ಎದೆ ತೆರೆಯದೆ ತೊಡೆಸಂದಿನ ರಕ್ತನಾಳದ ಮೂಲಕ ಬಲೂನ್ ಕಳಿಸಿ ಅಗಲಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲೂ ಈ ಚಿಕಿತ್ಸೆಯಿದೆ. ಇಲ್ಲವಾದರೆ ಶಸ್ತ್ರಚಿಕಿತ್ಸೆ. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ಬೇಕು, ಗರ್ಭಿಣಿಯರಿಗೆ ಅದು ತೊಡಕು. ಹಾಗಾಗಿ ಮಗು ಬೇಕೆಂಬ ನಿಮ್ಮ ಆಸೆಯನ್ನು ಹೃದ್ರೋಗ ತಜ್ಞರಿಗೆ ಮೊದಲೇ ಹೇಳಿ, ಸಂಕೋಚ ಬೇಡ. ರುಮ್ಯಾಟಿಕ್ ಎಂದು ಖಚಿತವಾದರೆ 3 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದುಕೊಡಬಹುದು, ಅದನ್ನು ತಪ್ಪಿಸಬೇಡಿ.

ರಾತ್ರಿ ಉಸಿರುಗಟ್ಟಿ ಎದ್ದು ಕೂರುವಂತಾದರೆ, ಕಫದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.