ಗುದ್ದಲಿ ಹಿಡಿದ ಸೈನಿಕರು: ಪಯೋನಿಯರ್ ಮತ್ತು ಲೇಬರ್ ಕೋರ್

ಯುದ್ಧದಲ್ಲಿ ರಸ್ತೆ ಕಡಿಯುವುದು, ಕಂದಕ ತೋಡುವುದು, ಹಡಗಿನಿಂದ ಮದ್ದುಗುಂಡು ಇಳಿಸುವುದು ಪಯೋನಿಯರ್ ಮತ್ತು ಲೇಬರ್ ತುಕಡಿಗಳ ಕೆಲಸ. ಎರಡಕ್ಕೂ ವ್ಯತ್ಯಾಸವಿದೆ. ಪಯೋನಿಯರ್ ಸೈನಿಕ ಸಲಿಕೆಯ ಜೊತೆ ಬಂದೂಕನ್ನೂ ಹೊರುತ್ತಿದ್ದ. ಲೇಬರ್ ಕೋರ್‌ನವರು ಯುದ್ಧ ಮಾಡದ ಕಾರ್ಮಿಕರು.

ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಯುದ್ಧೇತರ ಸೇವೆಗೆ ಸೇರಿದವರು 5 ಲಕ್ಷಕ್ಕೂ ಹೆಚ್ಚು. ಮೆಸೊಪೊಟೇಮಿಯಕ್ಕೆ ಜೈಲುಗಳಿಂದ ಕೈದಿಗಳನ್ನೂ ಕಳಿಸಲಾಯಿತು. 1917ರಲ್ಲಿ ಲೇಬರ್ ತುಕಡಿಗಳು ಫ್ರಾನ್ಸ್ ತಲುಪಿದವು. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕ (1927) ಸೈನಿಕರ ಜೊತೆ ಕಾರ್ಮಿಕರನ್ನೂ ನೆನೆಯುತ್ತದೆ.

ಕರ್ನಾಟಕದ ನಂಟು: ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಹುಟ್ಟಿದ್ದು 1780ರ ಪಯೋನಿಯರ್ ಕಂಪನಿಗಳಿಂದ, ಅದರ ಕೇಂದ್ರ ಬೆಂಗಳೂರು. ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವ, ಮದ್ದು ತುಂಬಿದ ಕೊಳವೆ ‘ಬ್ಯಾಂಗಲೋರ್ ಟಾರ್ಪೆಡೊ’ (1912) ಇಲ್ಲಿಯದೇ. ಈಗಿನ ಪಯೋನಿಯರ್ ಕೋರ್ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲಿದೆ.

ಯಾದಗಿರಿ, ಶಹಾಪುರ, ಸುರಪುರದ ಅಭ್ಯರ್ಥಿಗಳು ಪರೀಕ್ಷೆಯಲ್ಲಿ ತಪ್ಪುವುದು ಇಲ್ಲಿ: ಎರಡೂ ಮಹಾಯುದ್ಧಗಳ ಕಾಲಕ್ಕೆ ಈ ಭಾಗ ಮೈಸೂರಿನದಲ್ಲ, ನಿಜಾಮರ ಹೈದರಾಬಾದಿನದು. 1858ರ ಬಂಡಾಯದ ನಂತರ ಸುರಪುರವನ್ನು ಬ್ರಿಟಿಷರು 1860ರಲ್ಲಿ ನಿಜಾಮರಿಗೆ ಕೊಟ್ಟರು. ಎರಡು ಸಂಸ್ಥಾನಗಳ ಪಡೆಗಳೂ ಬೇರೆಬೇರೆ: ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಅಶ್ವದಳಗಳ ನೆನಪಿನವು. ನಿಮ್ಮ ಭಾಗ ಅಂದು ಯಾವ ಸಂಸ್ಥಾನದಲ್ಲಿತ್ತೆಂದು ಕೇಳಿದರೆ ಹೈದರಾಬಾದ್ ಎಂದೇ ಗುರುತಿಸಿ.