ಡಿಸ್ಕ್ ಕಳೆದರೂ ವಿಂಡೋಸ್ ನಿಮ್ಮದೇ

ಕಂಪ್ಯೂಟರ್ ಜೊತೆ ಬಂದಿದ್ದ ವಿಂಡೋಸ್ ಡಿಸ್ಕ್ ಮನೆ ಬದಲಿಸುವಾಗಲೋ ಹಳೇ ಪೇಪರ್ ತೂಕಕ್ಕೆ ಹಾಕುವಾಗಲೋ ಕಾಣೆಯಾಗುವುದು ಮಾಮೂಲು. ಈಚಿನ ಲ್ಯಾಪ್‌ಟಾಪ್‌ಗಳ ಜೊತೆಗಂತೂ ಡಿಸ್ಕ್ ಕೊಡುವುದೇ ಇಲ್ಲ. ಸಿಸ್ಟಮ್ ಕೈಕೊಟ್ಟಾಗ ರಿಪೇರಿಗೆ ಒಯ್ದರೆ, ಕೆಲವರು ನಕಲಿ ವಿಂಡೋಸ್ ತುಂಬಿ ಕಳಿಸುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ನಕಲಿ ಪ್ರತಿಯನ್ನು ಆ್ಯಕ್ಟಿವೇಟ್ ಮಾಡುವ ಪುಟ್ಟ ತಂತ್ರಾಂಶಗಳ ಬೆನ್ನಿಗೇ ಎಷ್ಟೋ ಸಲ ವೈರಸ್ ಬರುತ್ತದೆ. ಅದೇ ಕಂಪ್ಯೂಟರ್‌ನಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ.

ನೀವು ದುಡ್ಡು ಕೊಟ್ಟ ಲೈಸೆನ್ಸ್ ಡಿಸ್ಕ್‌ನೊಂದಿಗೆ ಹೋಗುವುದಿಲ್ಲ. ವಿಂಡೋಸ್ 8 ಕಾಲದಿಂದ ಬ್ರ್ಯಾಂಡೆಡ್ ಕಂಪ್ಯೂಟರ್‌ಗಳಲ್ಲಿ 25 ಅಕ್ಷರಗಳ ಪ್ರಾಡಕ್ಟ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ವಿಂಡೋಸ್ 10 ಅಥವಾ 11 ಒಮ್ಮೆ ಆ್ಯಕ್ಟಿವೇಟ್ ಆದ ಯಂತ್ರವನ್ನು ಮೈಕ್ರೋಸಾಫ್ಟ್ ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟ ತೆರೆದು, ನಿಮ್ಮದು ಹೋಮ್ ಆವೃತ್ತಿಯೋ ಪ್ರೋ ಆವೃತ್ತಿಯೋ ಎಂದು ಬರೆದಿಟ್ಟುಕೊಳ್ಳಿ. ಮತ್ತೆ ಹಾಕುವಾಗ ಅದೇ ಆವೃತ್ತಿ ಹಾಕಬೇಕು.

ಮೊದಲು ಬ್ಯಾಕಪ್

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಸಿ ಅಳಿಸಿದರೆ ಅವೂ ಹೋಗುತ್ತವೆ. ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ಎಲ್ಲಿದೆ ಎಂದು ನೋಡಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಲೇಬೇಕು. ನುಡಿ, ಬರಹದಲ್ಲಿ ಹಿಂದೆ ಟೈಪ್ ಮಾಡಿದ ಕಡತಗಳಿದ್ದರೆ ಅವುಗಳ ಫಾಂಟ್‌ಗಳನ್ನೂ ಎತ್ತಿಡಿ. ‘ನುಡಿ 01 ಇ’ಯಂಥ ಹಳೆಯ ಫಾಂಟ್ ಇಲ್ಲದಿದ್ದರೆ ಇಡೀ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಬಿಟ್‌ಲಾಕರ್ ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ವಿಂಡೋಸ್ 11 ಯಂತ್ರಗಳು ಎಷ್ಟೋ ಸಲ ತಾವಾಗಿಯೇ ಡಿಸ್ಕ್‌ಗೆ ಬೀಗ ಹಾಕಿಕೊಂಡಿರುತ್ತವೆ. ಅದರ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲೇ ಸಿಗುತ್ತದೆ. ಮೊಬೈಲ್‌ನಲ್ಲಿ ಲಾಗಿನ್ ಆಗಿ ಕಾಗದದ ಮೇಲೆ ಬರೆದಿಡಿ. ಕಂಪ್ಯೂಟರ್ ಕೆಟ್ಟ ಮೇಲೆ ಈ ಅಂಕಿಗಳಿಲ್ಲದೆ ಫೋಟೊ, ಲೆಕ್ಕಪತ್ರ ಯಾವುದನ್ನೂ ಹೊರತೆಗೆಯಲು ಆಗುವುದಿಲ್ಲ.

ಪೆನ್‌ಡ್ರೈವ್ ಇಲ್ಲದೆಯೂ ಆಗಬಹುದು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಒತ್ತಿ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಕಡತಗಳು ಉಳಿಯುತ್ತವೆ, ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳು ಹೋಗುತ್ತವೆ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ನಾಲ್ಕು ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ‘ಲೋಕಲ್ ರೀಇನ್‌ಸ್ಟಾಲ್’ ಆರಿಸಬಹುದು.

ಅದೂ ಆಗದಿದ್ದರೆ ಮತ್ತೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ‘ಮೀಡಿಯಾ ಕ್ರಿಯೇಶನ್ ಟೂಲ್’ ಇಳಿಸಿಕೊಳ್ಳಿ. ಅದು ಉಚಿತ. 8 ಜಿಬಿಯ ಪೆನ್‌ಡ್ರೈವ್ ಸಾಕು, ಆದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಪೆನ್‌ಡ್ರೈವ್ ತಯಾರಾದ ಮೇಲೆ ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ ಗಾಬರಿ ಬೇಡ, ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ ಮುಂದೆ ಹೋಗಿ.

ಇಡೀ ಕೆಲಸದಲ್ಲಿ ಕೈ ತಡೆದು ನೋಡಬೇಕಾದ ಜಾಗ ಪಾರ್ಟಿಶನ್ ಪಟ್ಟಿ. ಅಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣಿಸುವುದಿಲ್ಲ. ಪಾರ್ಟಿಶನ್ 1, 2, 3 ಎಂದಷ್ಟೇ ಇದ್ದು, ಪಕ್ಕದಲ್ಲಿ ಅಳತೆ ಇರುತ್ತದೆ. ಹಾಗಾಗಿ ಮೊದಲೇ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಿ ಅಳತೆಗೆ ಹೊಂದುವ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್ ಮಾಡಿ, ಉಳಿದದ್ದನ್ನು ಮುಟ್ಟಬೇಡಿ. ಎರಡರ ಅಳತೆಯೂ ಒಂದೇ ಆಗಿದ್ದು ಗುರುತು ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಸಿ. ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಸ್ಟೋರೇಜ್ ಡ್ರೈವರ್ ಬೇರೆಯಾಗಿ ಕೊಡಬೇಕು. ಅದು ತಯಾರಕರ ತಾಣದಲ್ಲಿ ಸಿಗುತ್ತದೆ.

ಮಧ್ಯೆ ರೀಸ್ಟಾರ್ಟ್ ಆದಾಗ ಮತ್ತೆ ಬೂಟ್ ಮೆನು ಕೀಲಿ ಒತ್ತಬೇಡಿ, ಒತ್ತಿದರೆ ಇನ್‌ಸ್ಟಾಲ್ ಮೊದಲಿನಿಂದ ಶುರುವಾಗುತ್ತದೆ. ಮುಗಿದ ಮೇಲೆ ಇಂಟರ್‌ನೆಟ್ ಜೋಡಿಸಿದರೆ ಆ್ಯಕ್ಟಿವೇಶನ್ ಸಾಮಾನ್ಯವಾಗಿ ತಾನಾಗಿಯೇ ಆಗುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿಕೊಳ್ಳಿ. ತುಂಗಾ ಫಾಂಟ್ ಕಾಣದಿದ್ದರೆ ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹುಡುಕಿ.

ತೀರಾ ಹಳೆಯ ಯಂತ್ರ

ಅಡಿಯಲ್ಲಿ ವಿಂಡೋಸ್ 7ರ ಸ್ಟಿಕ್ಕರ್ ಇರುವ ಲ್ಯಾಪ್‌ಟಾಪ್‌ಗಳ ಮಾತು ಬೇರೆ. ಆ ಕೀ ಹೊಸದಾಗಿ ಹಾಕುವ ವಿಂಡೋಸ್ 10, 11ಕ್ಕೆ ಈಗ ನಡೆಯುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿತು. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಯಂತ್ರಕ್ಕೆ ನನ್ನ ಸಲಹೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್. ಅದೂ ಉಚಿತ, ಯಾವ ಕೀಯೂ ಬೇಡ, 4 ಜಿಬಿ ರ‍್ಯಾಮ್ ಇದ್ದರೆ ಹಾಯಾಗಿ ಓಡುತ್ತದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಚಾಲೂ ಮಾಡಿ, ಕನ್ನಡ ಟೈಪಿಂಗ್, ವೈಫೈ, ಪ್ರಿಂಟರ್ ಎಲ್ಲ ಸರಿಹೋಗುತ್ತದೆಯೇ ಎಂದು ನೋಡಿಕೊಂಡು, ಆಮೇಲೆ ಡಿಸ್ಕ್‌ಗೆ ಹಾಕಿಕೊಳ್ಳಿ.