ಬಂದೂಕು ಕೊಳ್ಳುವ ಮುನ್ನ

ಟೆಕ್ಸಾಸ್‌ನಲ್ಲಿರುವ ನಿಮಗೆ ಕೌಬಾಯ್ ವೇಷದಲ್ಲಿ ಹಳೇ ಮಾದರಿ ಬಂದೂಕುಗಳಿಂದ ಗುರಿ ಹೊಡೆಯುವ ಕೌಬಾಯ್ ಶೂಟಿಂಗ್ ಪಂದ್ಯದ ಹುಚ್ಚು ಹಿಡಿದಿದೆ, ಸರಿ. ಆದರೆ ಎಚ್-1ಬಿ ವೀಸಾದಲ್ಲಿದ್ದರೆ ಮೊದಲು ವಕೀಲರನ್ನು ಕಾಣಿ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಪಂದ್ಯಕ್ಕೆ ಬೇಕಾದ್ದು 2 ಸಿಂಗಲ್ ಆ್ಯಕ್ಷನ್ ರಿವಾಲ್ವರ್, ಲಿವರ್ ರೈಫಲ್, ಹಳೇ ಮಾದರಿಯ ಶಾಟ್‌ಗನ್. ಒಟ್ಟಿಗೆ ಕೊಂಡರೆ ಜೇಬು ಖಾಲಿ! ಹತ್ತಿರದ ಕ್ಲಬ್ಬಿಗೆ ಬರಿಗೈಲಿ ಹೋಗಿ. ಕೇಳಿದರೆ ಹಳಬರು ತಮ್ಮ ಬಂದೂಕನ್ನೇ ಕೊಟ್ಟು ಹೊಡೆಸುವುದುಂಟು. ಕಣ್ಣು, ಕಿವಿಗೆ ರಕ್ಷಣೆ ಮಾತ್ರ ಮರೆಯಬೇಡಿ. 6 ಗುಂಡು ಹಿಡಿಯುವ ರಿವಾಲ್ವರಿಗೆ 5 ಮಾತ್ರ ತುಂಬಬೇಕು. ಹ್ಯಾಮರ್ ಖಾಲಿ ಕೋಣೆಯ ಮೇಲೇ ಕೂರಬೇಕು. ಗುರಿಯೊಂದು ತಪ್ಪಿದರೆ 5 ಸೆಕೆಂಡು ದಂಡ. ಹೊಸಬರು ವೇಗದ ಆಸೆ ಬಿಡಿ.

ಈ ಪಂದ್ಯದಲ್ಲಿ ಕೌಬಾಯ್ ಕಾಲದ ಅಡ್ಡಹೆಸರು, ವೇಷ ಎರಡೂ ಬೇಕೇ ಬೇಕು. ನಾಚಿಕೊಳ್ಳದೆ ಒಂದು ಒಳ್ಳೆಯ ಹೆಸರು ಹುಡುಕಿಟ್ಟುಕೊಳ್ಳಿ.